ಸಂಕ ಕೊಚ್ಚಿಹೋದ ದಿನದ ಮಳೆ

ಆ ಓವರ್ಸಿಯರ್ ನಮ್ಮ ತೋಡಿನ ದಡದಲ್ಲಿ ನಿಂತು ಹೇಳಿದ ಒಂದು ಮಾತು ನೆನಪಾದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಮನುಷ್ಯ ಒಳ್ಳೆಯವನೋ ಕೆಟ್ಟವನೋ ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ. ಖಾಕಿ ಚಡ್ಡಿ, ಮೊಣಕಾಲಿನವರೆಗೆ ಕಾಲುಚೀಲ, ಕಂಕುಳಲ್ಲಿ ಕೊಡೆ. ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಮಳೆ ಸ್ವಲ್ಪ ಬಿಟ್ಟ ಒಂದು ಬೆಳಿಗ್ಗೆ ಬಂದಿದ್ದ. ಜಿಲ್ಲಾ ಬೋರ್ಡಿನವರು ತೋಡು ದಾಟಲು ಕಟ್ಟಿಸಿಕೊಟ್ಟ ಕಾಲುಸಂಕ ಇದ್ದ ಜಾಗದಲ್ಲಿ ಆಗ ಎರಡು ಮುರಕಲ್ಲಿನ ಕಂಬಗಳು ಮಾತ್ರ ಉಳಿದಿದ್ದವು. ಅವುಗಳ ಮೇಲೆ ಹಾಸಿದ್ದ ತೆಂಗಿನ ಮರಗಳು ನಾಲ್ಕು ದಿನಗಳ ಹಿಂದಿನ ನೆರೆಯಲ್ಲಿ ಸಮುದ್ರದ ದಾರಿ ಹಿಡಿದಿದ್ದವು. ಅವನು ಕಂಬಗಳನ್ನು ನೋಡಿದ, ತೋಡನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ.

"ಮಾಸ್ಟ್ರೇ, ಆ ದಿವಸ ಕಾಸರಗೋಡಿನಲ್ಲಿ ಬಿದ್ದ ಮಳೆ ಒಂದು ಇಂಚು ಕೂಡ ಇಲ್ಲ. ರೆಕಾರ್ಡು ಉಂಟು. ಅಷ್ಟು ಮಳೆಗೆ ಬೋರ್ಡಿನ ಸಂಕ ಹೋಗ್ಲಿಕ್ಕೆ ಇಲ್ಲ. ಮರ ಎಲ್ಲಿ ಹೋಯಿತು ಅಂತ ನಿಮ್ಮ ಊರಿನ ಒಲೆಗಳಲ್ಲಿ ಹುಡುಕಿದ್ರೆ ಸಿಕ್ಕೀತು."

ನಾನು ಆ ಮಳೆಯಲ್ಲಿ ನಿಂತಿದ್ದೆ. ಮೂಡಣ ಗುಡ್ಡೆಯಿಂದ ಅದು ಗೋಡೆಯ ಹಾಗೆ ಇಳಿದು ಬಂದಾಗ ನನ್ನ ಓಲೆಕೊಡೆಯ ಕಾವು ಮುರಿದು ಕೈಯಲ್ಲಿ ಉಳಿದಿತ್ತು. ಎದುರಿನ ಗದ್ದೆ ಕಾಣುತ್ತಿರಲಿಲ್ಲ. ತೋಡು ಕೆಂಪಾಗಿ ಉಬ್ಬಿ ಬಂತು. ಸಂಕದ ಮರಗಳು ಒಮ್ಮೆ ತಲೆಯಾಡಿಸಿದವು, ಹೋಗಿಬರುತ್ತೇವೆ ಎಂಬಂತೆ, ಮತ್ತೆ ಇಲ್ಲ. ಇದನ್ನು ನನ್ನ ಎರಡು ಕಣ್ಣಿನಿಂದ ನೋಡಿದ್ದೇನೆ. ಈಗ ಒಬ್ಬ ಮನುಷ್ಯ ಒಣಗಿದ ಕಾಲುಚೀಲದಲ್ಲಿ ಬಂದು, ನಾನು ನೆನೆದ ಮಳೆ ಬಿದ್ದೇ ಇಲ್ಲ ಎನ್ನುತ್ತಿದ್ದಾನೆ! ಕಾಸರಗೋಡು ಸಮುದ್ರದ ಬದಿಯ ಪೇಟೆ. ನಾವಿರುವುದು ಅಲ್ಲಿಂದ ಮೂಡಕ್ಕೆ, ಗುಡ್ಡೆಗಳ ಸೆರಗಿನಲ್ಲಿ. ನಮ್ಮ ಕಡೆಯಿಂದ ಪೇಟೆಗೆ ಹೋಗುವವರು ಮನೆಯಲ್ಲಿ ಬಿಡಿಸಿದ ಕೊಡೆಯನ್ನು ದಾರಿಯಲ್ಲಿ ಸಿಗುವ ನಾಯ್ಮಾರ್ಮೂಲೆಯಲ್ಲಿ ಮಡಿಸಿ, ಕಾಸರಗೋಡಿನಲ್ಲಿ ಅದನ್ನು ದೊಣ್ಣೆಯ ಹಾಗೆ ಹಿಡಿದು ನಡೆಯುತ್ತಾರೆ. ದನ ಮೇಯಿಸುವವರಿಗೂ ಗೊತ್ತಿರುವ ಈ ವಿಷಯ ಬೋರ್ಡಿಗೆ ಗೊತ್ತಿರಲಿಲ್ಲ. ಏಕೆಂದರೆ ಮಳೆ ಅಳೆಯುವ ಪಾತ್ರೆ ಇದ್ದದ್ದು ಪೇಟೆಯಲ್ಲಿ. ಪಾತ್ರೆಯೊಳಗೆ ಬೀಳದ ಮಳೆ ಮಳೆಯೇ ಅಲ್ಲ.

ನಾನು ಇಷ್ಟನ್ನೂ ಅವನ ಮುಖಕ್ಕೆ ಹೇಳಲಿಲ್ಲ. ಸಿಟ್ಟು ಬಂದಾಗ ನನಗೆ ಮಾತು ಹೊರಡುವುದಿಲ್ಲ. ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ ಮೇಲೆ ಧಾರಾಳವಾಗಿ ಹೊರಡುತ್ತದೆ.

"ಅದನ್ನು ಅವರ ಹತ್ತಿರ ಹೇಳ್ಬೇಕಿತ್ತು," ಎಂದಳು ಹೆಂಡತಿ. "ಸಾರಿನ ಹತ್ತಿರ ಹೇಳಿ ಎಂತ ಪ್ರಯೋಜನ?"

ಒಂದು ಸಂಕಕ್ಕೆ ಇಷ್ಟು ಸಿಟ್ಟು ಯಾಕೆ ಎಂದು ಕೇಳಬಹುದು. ನಾನು ಮಾಸ್ಟ್ರಾಗಿದ್ದ ಶಾಲೆ ತೋಡಿನ ಈಚೆ ಬದಿಯಲ್ಲಿತ್ತು. ಅಲ್ಲಿ ಐದನೆಯ ತರಗತಿಯವರೆಗೆ ಮಾತ್ರ. ನನ್ನ ಮಗಳು ಐದು ಮುಗಿಸಿ ಆ ಜೂನಿನಲ್ಲಿ ಆರನೆಯದಕ್ಕೆ ಆಚೆ ಬದಿಯ ದೊಡ್ಡ ಶಾಲೆಗೆ ಸೇರಿದ್ದಳು. ಸಂಕ ಹೋದ ದಿನ ಅವಳು ಆಚೆಯೇ ಉಳಿದು, ಗುರ್ತದವರ ಮನೆಯಲ್ಲಿ ಎರಡು ದಿನ ಇದ್ದು, ಸುತ್ತು ಬಳಸಿ ಬಂದಳು. ಬಂದವಳು ನಗುತ್ತಿದ್ದಳು. ನನ್ನ ಅಮ್ಮ ನಗಲಿಲ್ಲ. "ಸಂಕ ಇದ್ರೆ ಶಾಲೆ, ಇಲ್ದಿದ್ರೆ ಇಲ್ಲ. ಬರುವ ಮಳೆಗಾಲಕ್ಕೆ ಇದೇ ಸಂಕ ಆದ್ರೆ ಹೆಣ್ಣು ಮನೆಯಲ್ಲಿ ಕೂತ್ಕೊಳ್ಳಲಿ," ಎಂದು ತೀರ್ಪು ಕೊಟ್ಟುಬಿಟ್ಟರು.

ಅಮ್ಮ ಹಟಮಾರಿ, ಅಮ್ಮನ ಕಾಲದವರಿಗೆ ವಿದ್ಯೆಯ ಬೆಲೆ ಗೊತ್ತಿಲ್ಲ ಎಂದೆಲ್ಲ ನಾನು ಶಾಲೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಹೆಂಡತಿಗೆ ಸತ್ಯ ಗೊತ್ತಿತ್ತು. ಅಮ್ಮನಿಗಿಂತ ಮೊದಲು ಹೆದರಿ ಮಗಳನ್ನು ನಿಲ್ಲಿಸುವವನು ನಾನೇ. ನಾನು ಹೊಸಿಲು ದಾಟುವಾಗಲೂ ಮೇಲಿನ ದಾರಂದ ನೋಡಿ ದಾಟುವವನು. ಮಕ್ಕಳಿಗೆ ಮಗ್ಗಿ ಹೇಳಿಸುವಾಗ ನನ್ನ ಒಂದು ಕಿವಿ ತೋಡಿನ ಸದ್ದಿನ ಮೇಲಿರುತ್ತಿತ್ತು. ಸದ್ದು ಏರಿದರೆ ಮಗ್ಗಿಯೂ ಏರುತ್ತಿತ್ತು. ಮಕ್ಕಳು ಪಾಪ, ಮಳೆಗಾಲದಲ್ಲಿ ಮಾಸ್ಟ್ರಿಗೆ ಕಿವಿ ಮಂದವಾಗುತ್ತದೆ ಎಂದು ತಿಳಿದು ಕಿರಿಚಿ ಹೇಳುತ್ತಿದ್ದರು.

ಆದ್ದರಿಂದ ಸಂಕದ ಕಂಬಗಳನ್ನು ಬೋರ್ಡಿನವರು ಎತ್ತರಿಸಲೇಬೇಕಿತ್ತು. ಎತ್ತರಿಸಬೇಕಾದರೆ ನಮ್ಮ ಊರಿನಲ್ಲಿ ಬೀಳುವ ಮಳೆ ಬೀಳುತ್ತದೆ ಎಂದು ಸಾಬೀತಾಗಬೇಕಿತ್ತು. ಸಿಟ್ಟಿನಲ್ಲೇ ನಾನು ಒಂದು ನಿರ್ಧಾರ ಮಾಡಿದೆ. ಸರಕಾರದ ಪಾತ್ರೆ ನಮ್ಮ ಊರಿಗೆ ಬರದಿದ್ದರೆ ನಾನೇ ಒಂದು ಮಾಡಿಸುತ್ತೇನೆ.

ಇಂಗ್ಲಿಷಿನ ಒಂದು ಹಳೆಯ ಕೈಪಿಡಿ ನನ್ನ ಹತ್ತಿರ ಇತ್ತು. ಮನೆಯಲ್ಲೇ ಹವೆ ನೋಡಲು ಏನೇನು ಬೇಕು, ಎಲ್ಲೆಲ್ಲಿ ಇಡಬೇಕು ಎಂದು ಚಿತ್ರಸಹಿತ ಬರೆದಿದ್ದರು. ಮಳೆಯ ಪಾತ್ರೆಯ ಚಿತ್ರವನ್ನು ಕಾಗದದಲ್ಲಿ ಬಿಡಿಸಿಕೊಂಡು ಕಾಸರಗೋಡಿನ ಒಬ್ಬ ಕಂಚುಗಾರನ ಹತ್ತಿರ ಹೋದೆ. ಬಾಯಿ ಸರಿಯಾಗಿ ಐದು ಇಂಚು ಅಗಲ, ಬಾಯಿಗೆ ಆಲಿಕೆ, ಕೆಳಗೆ ಡಬ್ಬಿಯ ಹಾಗೆ ನೇರ ಮೈ. ಅವನು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದೆಂತ ಮಾಸ್ಟ್ರೇ, ಕುತ್ತಿಗೆಯೂ ಇಲ್ಲ, ಹೊಟ್ಟೆಯೂ ಇಲ್ಲ?"

"ಅದು ಹಾಗೇ ಇರ್ಬೇಕು."

"ತಾಮ್ರದಲ್ಲಿ ಹೀಗೆ ಮಾಡಿದ್ರೆ ಜನ ಎಂತ ಹೇಳಿಯಾರು? ಸೀಮೆಎಣ್ಣೆ ಡಬ್ಬಿಗೆ ತಾಮ್ರ ಯಾಕೆ ಹಾಳು ಮಾಡಿದೆ ಅಂತ ಕೇಳ್ಲಿಕ್ಕಿಲ್ವಾ? ನೀವು ಹೋಗಿ, ನಾನು ಚಂದ ಮಾಡಿ ಕೊಡ್ತೇನೆ."

ಮಾಡಿಕೊಟ್ಟ. ಬಾಯಿ ಐದು ಇಂಚೇ ಇತ್ತು, ಅಷ್ಟು ಪುಣ್ಯ. ಉಳಿದದ್ದೆಲ್ಲ ಅವನ ಮನಸ್ಸಿನಂತೆ. ಬಿಂದಿಗೆಯ ಹಾಗೆ ಉಬ್ಬಿದ ಹೊಟ್ಟೆ, ಸಪೂರ ಕುತ್ತಿಗೆ, ಕುತ್ತಿಗೆಗೆ ಎರಡು ಬಳೆ. ಗೃಹಪ್ರವೇಶಕ್ಕೆ ಕೊಡುವಂತಿತ್ತು. ಮಳೆ ಅಳೆಯಲು ಆಕಾರ ಮುಖ್ಯವಲ್ಲ, ಬಾಯಿ ಮುಖ್ಯ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಬಿದ್ದ ನೀರನ್ನು ಔಷಧ ಅಳೆಯುವ ಔನ್ಸಿನ ಗ್ಲಾಸಿಗೆ ಹೊಯ್ದು ನೋಡುವುದು. ಐದಿಂಚಿನ ಬಾಯಿಗೆ ಹನ್ನೊಂದು ಔನ್ಸಿಗೆ ಸ್ವಲ್ಪ ಮೇಲೆ ಬಂದರೆ ಒಂದು ಇಂಚು ಮಳೆ. ಈ ಲೆಕ್ಕವನ್ನು ಮೂರು ಸಲ ಮಾಡಿದೆ, ಮೂರು ಸಲವೂ ಒಂದೇ ಉತ್ತರ ಬಂದದ್ದರಿಂದ ಅನುಮಾನವಾಗಿ ನಾಲ್ಕನೆಯ ಸಲವೂ ಮಾಡಿದೆ.

ಪಾತ್ರೆ ಬಂತು. ಅದನ್ನು ಇಡಲು ಜಾಗ ಹುಡುಕುವುದೇ ದೊಡ್ಡ ಪೀಡೆಯಾಯಿತು. ಮರವಾಗಲಿ ಮನೆಯಾಗಲಿ ಹತ್ತಿರ ಇರಬಾರದು, ಅದರ ಎತ್ತರದ ಎರಡರಷ್ಟು ದೂರದಲ್ಲಿ ಪಾತ್ರೆ ಇರಬೇಕು ಎಂದು ಕೈಪಿಡಿ ಹೇಳುತ್ತಿತ್ತು. ಬರೆದ ಪುಣ್ಯಾತ್ಮ ನಮ್ಮ ಕಡೆ ಕಾಲಿಟ್ಟವನಲ್ಲ. ನಮ್ಮಲ್ಲಿ ಬೆನ್ನು ತುರಿಸಿಕೊಳ್ಳಬೇಕಾದರೆ ಕೈಗೆ ತೆಂಗಿನ ಮರ ತಾಗುತ್ತದೆ. ಬಾವಿಯ ಹಗ್ಗ ಬಿಚ್ಚಿಕೊಂಡು ನಾನು ಹಿತ್ತಿಲಿಡೀ ಅಳೆದೆ. ಅಂಗಳದ ನಡುವೆ ಇಟ್ಟರೆ ಸೂರಿನ ನೀರು ಹಾರುತ್ತದೆ. ಬಾವಿಯ ಬದಿಗೆ ಹಲಸಿನ ಮರ. ಮೇಲಿನ ಪಾರೆಯ ಕಲ್ಲುಹಾಸಿನಲ್ಲಿ ಬೇಕಾದಷ್ಟು ಬಯಲು, ಆದರೆ ಅಲ್ಲಿಯ ಗಾಳಿಗೆ ಮಳೆ ಅಡ್ಡ ಹಾರಿ ಪಾತ್ರೆಯೊಳಗೆ ಬೀಳುವುದೇ ಇಲ್ಲ, ಮೇಲಾಗಿ ಊರಿನ ದನಗಳೆಲ್ಲ ಬಂದು ಮೈ ಉಜ್ಜುತ್ತವೆ.

"ಈ ಜಾಗ ಸಿಗ್ಬೇಕಾದ್ರೆ ನೀವು ಇನ್ನೊಮ್ಮೆ ಬೇರೆ ದೇಶದಲ್ಲಿ ಹುಟ್ಟಿ ಬರ್ಬೇಕು," ಎಂದಳು ಹೆಂಡತಿ. "ಆ ಹಗ್ಗ ಕೊಡಿ. ನೀರು ಸೇದ್ಲಿಕ್ಕೆ ಉಂಟು."

ಕೊನೆಗೆ ಗದ್ದೆಯ ಅಂಚಿನಲ್ಲಿ ಒಂದು ಎತ್ತರದ ಜಾಗ ಸಿಕ್ಕಿತು. ನಾಲ್ಕೂ ಕಡೆ ಬಿಡುವು. ಆದರೆ ಅದು ಅಮ್ಮ ಬೈಹುಲ್ಲಿನ ಬಣವೆ ಹಾಕುವ ಜಾಗ. ಬಣವೆಯನ್ನು ಹಟ್ಟಿಯ ಹಿಂದಕ್ಕೆ ಸರಿಸೋಣ ಎಂದೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದರು.

"ಹಟ್ಟಿಯ ಹಿಂದೆ ಹುಲ್ಲು ಕೊಳೀತದೆ. ದನಕ್ಕೆ ಎಂತ ನಿನ್ನ ಪುಸ್ತಕ ಹಾಕುವುದಾ?"

"ಮಳೆಗೆ ಜಾಗ ಬೇಕು ಅಮ್ಮ."

"ಇಷ್ಟು ವರ್ಷ ನೀನು ಜಾಗ ಕೊಡದೆ ಅದು ಬೀಳ್ಲಿಲ್ವಾ?"

ಮೂರು ದಿನ ಜಗಳವಾಯಿತು. ಮೊಮ್ಮಗಳ ಶಾಲೆಯ ವಿಷಯ ಎಂದು ಗಂಟಲು ಹರಿದುಕೊಂಡ ಮೇಲೆ ಅಮ್ಮ ಸುಮ್ಮನಾದರು. ಒಪ್ಪಿದ್ದಲ್ಲ, ಸುಮ್ಮನಾದದ್ದು. ಬಣವೆ ಸರಿಸಿ, ಮುರಕಲ್ಲಿನ ಗೂಡು ಕಟ್ಟಿ, ಪಾತ್ರೆಯ ಬಾಯಿ ನೆಲದಿಂದ ಒಂದು ಅಡಿ ಮೇಲಿರುವ ಹಾಗೆ ಹೂತು, ಸುತ್ತ ಮುಳ್ಳಿನ ಬೇಲಿ ಹಾಕಿದೆ.

ಶುರು ಮಾಡಿದ ಮೇಲೆ ಹುಚ್ಚು ಹೆಚ್ಚಿತು. ಗಾಳಿ ನೋಡಲು ಸೀಮೆಎಣ್ಣೆ ಡಬ್ಬಿಯ ತಗಡಿನಲ್ಲಿ ಬಾಣ ಕತ್ತರಿಸಿ ಬಿದಿರಿನ ತುದಿಗೆ ಸಿಕ್ಕಿಸಿದೆ. ಅದರ ಬಾಲದ ಮೇಲೆ ಕಾಗೆಗಳು ಕೂರಲು ಕಲಿತವು. ಅವು ಅಡಿಗೆಮನೆಯ ಕಡೆಗೇ ತಿರುಗಿ ಕೂರುವುದರಿಂದ ನಮ್ಮ ಊರಿನಲ್ಲಿ ಆ ವರ್ಷವಿಡೀ ಗಾಳಿ ಅಡಿಗೆಮನೆಯ ಕಡೆಗೇ ಬೀಸಿದೆ. ಬಿಸಿ ಅಳೆಯುವ ಕೊಳವೆಗೆ ಹಳೆಯ ಕಿಟಿಕಿಯ ಓರೆಪಟ್ಟಿಯ ಬಾಗಿಲುಗಳಿಂದ ಗಾಳಿಯಾಡುವ ಒಂದು ಪೆಟ್ಟಿಗೆ ಮಾಡಿ ನಾಲ್ಕು ಕಾಲಿನ ಮೇಲೆ ನಿಲ್ಲಿಸಿದೆ. ನೆರಳು, ಗಾಳಿ, ನಾಯಿಯ ಕಾಟವಿಲ್ಲ. ಒಂದು ಹೇಂಟೆ ಅದನ್ನು ನೋಡಿ, ಕೈಪಿಡಿ ಓದದೆಯೇ ಇದು ಬಹಳ ಒಳ್ಳೆಯ ಜಾಗ ಎಂದು ತಿಳಿದು ಕಾವಿಗೆ ಕೂತಿತು. ಎಬ್ಬಿಸಲು ಹೋದರೆ ಹೆಂಡತಿ ಬಿಡಲಿಲ್ಲ. ಆಟಿ ಕಳೆದು ಬಂದ ಸೋಣ ತಿಂಗಳಿಡೀ ನಾನು ಬರೆದಿಟ್ಟ ಉಷ್ಣತೆ ಆ ಹೇಂಟೆಯ ಹೊಟ್ಟೆಯದು.

ಇದೆಲ್ಲ ನಗುವ ವಿಷಯ ಎನ್ನಬಹುದು. ನನಗೆ ಆಗ ನಗು ಬರುತ್ತಿರಲಿಲ್ಲ. ಊರಿನವರಿಗೆ ಬರುತ್ತಿತ್ತು. ಗದ್ದೆಯಾಚೆಯ ಮನೆಯ ನೆರೆಯವರು ದಿನಾ ಬೆಳಿಗ್ಗೆ ಬೇಲಿಯ ಹತ್ತಿರ ನಿಲ್ಲುತ್ತಿದ್ದರು.

"ಎಂತ ಮಾಸ್ಟ್ರೇ, ಇವತ್ತು ಕೊಬ್ಬರಿ ಹರಡಬಹುದಾ?"

"ನನಗೇನು ಗೊತ್ತು?"

"ಪಾತ್ರೆ ಎಂತ ಹೇಳ್ತದೆ?"

"ಅದು ನಿನ್ನೆ ಬಿದ್ದ ಮಳೆ ಹೇಳ್ತದೆ. ನಾಳೆಯದ್ದಲ್ಲ."

"ನಿನ್ನೆಯದ್ದು ನನಗೆ ಗೊತ್ತುಂಟಲ್ಲ ಮಾರಾಯ್ರೇ! ಚಂಡಿಯಾದದ್ದು ನನ್ನದೇ ಕೊಬ್ಬರಿ. ಅದಕ್ಕೆ ಇಷ್ಟು ದೊಡ್ಡ ತಾಮ್ರದ ಪಾತ್ರೆ ಬೇಕಾ?"

ಪ್ರತಿದಿನ ಇದೇ ಪ್ರಶ್ನೆ, ಇದೇ ಉತ್ತರ. ಒಂದು ದಿನ ಸಿಟ್ಟು ನೆತ್ತಿಗೇರಿ, "ಹರಡಿ, ಮಳೆ ಬರುವುದಿಲ್ಲ!" ಎಂದು ಕಿರುಚಿದೆ. ಹರಡಿದರು. ಮಳೆ ಬಂತು. ಅವರ ಮನೆಯವರು ಎರಡು ವಾರ ನಮ್ಮ ಬಾವಿಕಟ್ಟೆಯ ಕಡೆ ಮುಖ ಹಾಕಲಿಲ್ಲ.

ನಡುವೆ ಒಂದು ದಿನ ನಾನು ಕಾಸರಗೋಡಿಗೆ ಹೋಗಿ ಓವರ್ಸಿಯರನ್ನು ಕಂಡೆ. ಊರಿನವರು ಬೋರ್ಡಿನ ಕಂಬಗಳ ಮೇಲೆ ಅಡಕೆ ಮರ ಹಾಸಿ ತಾತ್ಕಾಲಿಕ ಸಂಕ ಮಾಡಿದ್ದೆವು, ಅದು ಹೆಚ್ಚು ದಿನ ನಿಲ್ಲುವಂಥದ್ದಲ್ಲ ಎಂದೆ. ಮಳೆ ಅಳೆಯುತ್ತಿದ್ದೇನೆ ಎಂದೂ ಹೇಳಿದೆ. ಅವನು ಹುಬ್ಬೇರಿಸಿದ.

"ನೀವೇ ಅಳೆಯುವುದಾ? ಆಯ್ತು. ದೀಪಾವಳಿ ಕಳೆದ ಮೇಲೆ ಬೋರ್ಡಿನ ಮೀಟಿಂಗು ಉಂಟು. ಸಂಕ ಹೋಗುವಂಥ ಮಳೆ ನಿಮ್ಮಲ್ಲಿ ಬರ್ತದೆ ಅಂತ ಒಂದೇ ಒಂದು ದಿವಸದ ಲೆಕ್ಕ ತೋರ್ಸಿ. ನಾನು ಬರೀತೇನೆ. ಸಾಕಲ್ಲ?"

ಸಾಕಿತ್ತು. ತುಲಾ ತಿಂಗಳ ಮಳೆ ಇನ್ನೂ ಬಾಕಿಯಿತ್ತು. ಮಧ್ಯಾಹ್ನದವರೆಗೆ ಉರಿಬಿಸಿಲು ಕಾಯಿಸಿ, ಮೂರು ಗಂಟೆಗೆ ಮೂಡಣದಿಂದ ಗುಡುಗು ಹೊತ್ತು ತರುವ ಮಳೆ ಅದು. ಜೀವನದಲ್ಲಿ ಮೊದಲ ಸಲ ನಾನು ದೊಡ್ಡ ಮಳೆ ಬರಲಿ ಎಂದು ಕಾಯುತ್ತ ಕೂತೆ. ಮಗಳು ಶಾಲೆಗೆ ಹೋದ ದಿನ ಬಾರದಿರಲಿ, ರಜೆಯ ದಿನ ಬರಲಿ ಎಂದು ದೇವರ ಹತ್ತಿರ ಚೌಕಾಸಿಯೂ ಮಾಡಿದೆ.

ದೇವರು ಕೇಳಿಸಿಕೊಂಡ. ದೀಪಾವಳಿಯ ಹಿಂದಿನ ದಿನ, ನೀರು ತುಂಬುವ ದಿನವೇ ಬಂತು. ಶಾಲೆಗೆ ರಜೆ. ನಾನು ಹಬ್ಬದ ಸಾಮಾನಿಗೆಂದು ಅಂಗಡಿಗೆ ಹೋಗಿ ಮರಳುವಾಗ ಮೂಡಣದಲ್ಲಿ ಅಗಲ್ಪಾಡಿಯ ಕಡೆಯ ಆಕಾಶ ಕಾಡಿಗೆಯಾಗಿತ್ತು. ಜಗಲಿ ಹತ್ತಿದೆನೋ ಇಲ್ಲವೋ, ಹೊಡೆಯಿತು. ಆಟಿಯ ಮಳೆ ಇದರ ಮುಂದೆ ಮಗು. ಕತ್ತಲಾಗುವ ಮೊದಲೇ ತೋಡು ಅಡಕೆ ಮರದ ಸಂಕವನ್ನು ಎತ್ತಿಕೊಂಡು ಹೋಯಿತು. ಸಂಕ ಹೋದದ್ದನ್ನು ನೋಡಿ ಸಂತೋಷದಿಂದ ತೊಡೆ ತಟ್ಟಿದ ಮನುಷ್ಯ ಆ ತೋಡಿನ ಎರಡು ದಡದಲ್ಲಿ ನಾನೊಬ್ಬನೇ. ಒಂದು ದಿವಸದ ಲೆಕ್ಕ ತಾನೆ? ತೆಗೆದುಕೊಳ್ಳಿ ಓವರ್ಸಿಯರೇ!

ಬೆಳಿಗ್ಗೆ ಎಂಟು ಗಂಟೆಗೆ ನೋಡಬೇಕು ಎಂದು ಕೈಪಿಡಿಯಲ್ಲಿತ್ತು. ಆದ್ದರಿಂದ ಎಂಟಕ್ಕೇ ಹೋದೆ. ಎಣ್ಣೆ ಹಚ್ಚಿ ಮಿಂದು, ಹೊಸ ಪಂಚೆ ಉಟ್ಟು, ಔನ್ಸಿನ ಗ್ಲಾಸನ್ನು ಪ್ರಸಾದದಂತೆ ಹಿಡಿದುಕೊಂಡು.

ಪಾತ್ರೆಯ ಕುತ್ತಿಗೆಗೆ, ಹಬ್ಬದ ಹಂಡೆಗೆ ಸುತ್ತುವ ಹಿಂಡ್ಲೆಬಳ್ಳಿ ಸುತ್ತಿತ್ತು. ಹೊರಗೆ ಕಾಣುವಷ್ಟು ಮೈಗೆ ಬಿಳಿ ಶೇಡಿಮಣ್ಣಿನ ಗೆರೆ ಎಳೆದಿತ್ತು, ಅರ್ಧ ಮಳೆಗೆ ಕರಗಿತ್ತು. ಆಲಿಕೆಯನ್ನು ತೆಗೆದು ಮರ್ಯಾದೆಯಿಂದ ಬದಿಗೆ ಇಟ್ಟಿದ್ದರು. ಪಾತ್ರೆ ಬಾಯಿಮಟ್ಟ ತುಂಬಿ ತುಳುಕುತ್ತಿತ್ತು. ಅದರಲ್ಲಿ ಒಂದು ದಾಸವಾಳ ತೇಲುತ್ತಿತ್ತು.

ಗ್ಲಾಸನ್ನು ನೆಲಕ್ಕಿಟ್ಟೆ. ಮತ್ತೆ ಬೊಬ್ಬೆ ಹಾಕಿದೆ. ಆ ಬೊಬ್ಬೆಗೆ ಹಟ್ಟಿಯಲ್ಲಿ ದನ ಎದ್ದು ನಿಂತಿತಂತೆ.

"ಯಾರು ಇದಕ್ಕೆ ನೀರು ಹೊಯ್ದದ್ದು?"

"ನಾನು," ಅಂಗಳದಿಂದ ಅಮ್ಮ. "ನಿನ್ನ ಹೆಂಡತಿಗೆ ನೆನಪೇ ಇರ್ಲಿಲ್ಲ."

"ಎಂತಕ್ಕೆ ಅಮ್ಮಾ, ಎಂತಕ್ಕೆ?"

"ನೀರು ತುಂಬುವ ದಿವಸ ತಾಮ್ರದ ಪಾತ್ರೆ ಖಾಲಿ ಇಡ್ಲಿಕ್ಕುಂಟಾ? ಹಂಡೆ, ಕೊಡಪಾನ, ಚೆಂಬು, ಎಲ್ಲ ತುಂಬಿಸಿ ಆಯ್ತು. ಇದೊಂದು ಗದ್ದೆಯ ಬದಿಯಲ್ಲಿ ತಬ್ಬಲಿಯ ಹಾಗೆ ಕೂತಿತ್ತು. ಮಳೆಗೆ ಮೊದಲೇ ಒಂದು ಕೊಡಪಾನ ಹೊತ್ತುಕೊಂಡು ಹೋಗಿ ತುಂಬಿಸಿ ಬಂದಿದ್ದೇನೆ, ಈ ಸೊಂಟದಲ್ಲಿ."

"ಅದು ಮಳೆಯ ಪಾತ್ರೆ! ಅದನ್ನು ಮಳೆ ತುಂಬಿಸ್ಬೇಕು!"

"ಎಲ್ಲ ಮಳೆಯೇ ತುಂಬಿಸುವುದಾದ್ರೆ ನಿನ್ನ ಅಜ್ಜ ಬಾವಿ ಯಾಕೆ ತೋಡಿದ್ದು? ಹಬ್ಬದ ದಿವಸ ಬೆಳಿಗ್ಗೆ ಹೆತ್ತವಳ ಮೇಲೆ ಕಿರಿಚ್ತಿ, ನಾಚಿಕೆ ಇಲ್ವಾ?"

ತುಂಬಿದ ಪಾತ್ರೆಯ ಮೇಲೆ ಎಷ್ಟು ಮಳೆ ಬಿದ್ದರೇನು, ಎಲ್ಲ ಹೊರಗೆ ಚೆಲ್ಲಿ ಹೋಗಿತ್ತು. ಆದರೂ ನಾನು ಬಿಡಲಿಲ್ಲ. ಎಲ್ಲಾದರೂ ಒಂದು ಖಾಲಿ ಪಾತ್ರೆ ಅಂಗಳದಲ್ಲಿ ಉಳಿದಿರಬಹುದು, ಅದರಲ್ಲಿ ನಿಂತ ನೀರನ್ನಾದರೂ ಅಳೆಯೋಣ ಎಂದು ಹೊಸ ಪಂಚೆ ಎತ್ತಿಕಟ್ಟಿ ಮನೆಮನೆಗೆ ಓಡಿದೆ. ನೀರು ತುಂಬುವ ದಿನ! ನಮ್ಮ ಕಡೆಯಲ್ಲಿ ಆ ಸಂಜೆ ಖಾಲಿ ಉಳಿದ ಪಾತ್ರೆ ಒಂದಾದರೂ ಇರಬೇಕಲ್ಲ? ಹಾಲು ಕರೆಯುವ ಚೊಂಬನ್ನೂ ತುಂಬಿಸಿಟ್ಟಿದ್ದರು. ಗದ್ದೆಯಾಚೆಯ ನೆರೆಯವರು ಬಾಯಲ್ಲಿ ಅವಲಕ್ಕಿ ಇಟ್ಟುಕೊಂಡೇ, "ಖಾಲಿ ಇದ್ದದ್ದು ನಿಮ್ಮದೊಂದೇ ಅಂತ ಕೇಳಿದ್ದೆವು ಮಾಸ್ಟ್ರೇ, ಅದೂ ತುಂಬಿತಾ?" ಎಂದರು. ಕೊಬ್ಬರಿಯ ಸೇಡು.

ದೀಪಾವಳಿ ಕಳೆದ ವಾರದಲ್ಲಿ ಓವರ್ಸಿಯರ್ ಬಂದ. ಹಿಂದಿನ ದಿನ ಮತ್ತೆ ಮಳೆಯಾಗಿತ್ತು. ಸಂಕವಿಲ್ಲ. ಅವನು ಬೂಟು ಕಾಲುಚೀಲ ಕೈಯಲ್ಲಿ ಹಿಡಿದು, ಊರಿನ ಒಬ್ಬರ ಹೆಗಲು ಆಧರಿಸಿ ತೋಡು ದಾಟಿ ಬಂದು, ನಮ್ಮ ಜಗಲಿಯಲ್ಲಿ ನೀರಿಳಿಸುತ್ತ ನಿಂತ.

"ಎಂತ ಮಾಸ್ಟ್ರೇ, ಲೆಕ್ಕ ಉಂಟಾ?"

ಸೋಣದಿಂದ ಆವರೆಗಿನ ಲೆಕ್ಕವೆಲ್ಲ ಕೊಟ್ಟೆ. ಕಣ್ಣಾಡಿಸಿದ.

"ಈ ದಿವಸಗಳಲ್ಲಿ ಸಂಕ ಹೋಯ್ತಾ?"

"ಇಲ್ಲ."

"ಸಂಕ ಹೋದ ದಿವಸದ್ದು ಎಲ್ಲಿ?"

ನಡೆದದ್ದನ್ನು ಹೇಳಿದೆ. ಸುಳ್ಳು ಹೇಳಲು ಬರುತ್ತಿದ್ದರೆ ಎರಡು ಅಂಕಿ ಗೀಚಿಬಿಡುತ್ತಿದ್ದೆ, ಆದರೆ ಸುಳ್ಳು ಹೇಳಿದರೆ ಸಿಕ್ಕಿಬೀಳುತ್ತೇನೆಂಬ ಹೆದರಿಕೆ ನನಗೆ ಸತ್ಯಸಂಧರಿಗಿಂತ ಹೆಚ್ಚು. ಅವನು ನಕ್ಕ. ಜಗಲಿಯ ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಹೂ ಬೇರೆ ಇಟ್ಟಿದ್ರಾ?" ಎಂದು ಕೇಳಿ ಮತ್ತೆ ನಕ್ಕ. ಆಮೇಲೆ ಗಂಭೀರನಾಗಿ, ಮಳೆ ಬಂದ ದಿವಸ ಸಂಕ ಹೋಗಿಲ್ಲ, ಸಂಕ ಹೋದ ದಿವಸ ಮಳೆಯ ಲೆಕ್ಕವಿಲ್ಲ, ಇದನ್ನು ನಾನು ಬೋರ್ಡಿನಲ್ಲಿ ಹೇಗೆ ಇಡಲಿ ಎಂದ.

ನನಗೆ ಎಂದಿನಂತೆ ಮಾತು ಹೊರಡಲಿಲ್ಲ. ಮಾತು ಬಂದದ್ದು ಒಳಗಿನಿಂದ. ಅಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಮಗನ ಮೇಲೆ ಆವತ್ತಿನವರೆಗೂ ಮುನಿಸಿಕೊಂಡಿದ್ದವರು.

"ಅವನ ಪಾತ್ರೆ ಅತ್ಲಾಗಿ ಬಿಡಿ. ನಿಮ್ಮ ಚಡ್ಡಿ ಎಲ್ಲಿವರೆಗೆ ಚಂಡಿಯಾಗಿದೆ ನೋಡಿಕೊಳ್ಳಿ."

ಅವನು ನೋಡಿಕೊಂಡ. ಸೊಂಟಪಟ್ಟಿಯ ಮೇಲೆ, ಅಂಗಿಯ ಮೂರನೆಯ ಗುಂಡಿಯವರೆಗೆ ಕೆಂಪು ಕೆಸರು.

"ಇವತ್ತು ಬಿಸಿಲು," ಎಂದರು ಅಮ್ಮ. "ನಿಮ್ಮಂಥ ಎತ್ತರದ ಗಂಡಸಿಗೆ ಅಷ್ಟು. ನನ್ನ ಪುಳ್ಳಿಗೆ, ಆ ಶಾಲೆಗೆ ಹೋಗುವ ಹೆಣ್ಣಿಗೆ, ಎಷ್ಟಾದೀತು? ಅದಕ್ಕೆ ಯಾವ ರೆಕಾರ್ಡು ಬೇಕು ನಿಮಗೆ?"

ಅವನು ಅಂಗಿಯ ಕೆಸರನ್ನು ಬೆರಳಿನಿಂದ ಮುಟ್ಟಿ ನೋಡಿದ. ಆದರೂ ಕೊನೆಗೆ ಹೇಳಿದ್ದು, "ಇದನ್ನೆಲ್ಲ ರಿಪೋರ್ಟಿನಲ್ಲಿ ಬರೀಲಿಕ್ಕೆ ಆಗುದಿಲ್ಲಮ್ಮ." ಹೆಂಡತಿ ಕೊಟ್ಟ ಬೆಲ್ಲ ನೀರು ಕುಡಿದು, ಬೂಟು ಕೈಯಲ್ಲಿ ಹಿಡಿದು, ಬಂದ ದಾರಿಯಲ್ಲೇ ಹೋದ. ಮೀಟಿಂಗಿನಲ್ಲಿ ನಮ್ಮ ಸಂಕದ ಸುದ್ದಿ ಬರಲಿಲ್ಲ.

ಆ ಸಿಟ್ಟು ನನ್ನಲ್ಲಿ ಹುದುಗಿಕೊಂಡೇ ಇತ್ತು. ಮಳೆ ಪೂರಾ ನಿಂತ ಮೇಲೆ ನಮ್ಮಲ್ಲಿ ತೋಡಿಗೆ ಕಟ್ಟ ಹಾಕುವ ಕ್ರಮ ಉಂಟು. ಮೂರನೆಯ ಬೆಳೆಗೆ ನೀರು ನಿಲ್ಲಿಸಲು ಎರಡೂ ದಡದವರು ಸೇರಿ, ಕಲ್ಲು ಮಣ್ಣು ಸೊಪ್ಪು ತುಂಬಿ ತೋಡಿಗೆ ಅಡ್ಡ ಕಟ್ಟುತ್ತಾರೆ. ಮನೆಗೊಬ್ಬ ಗಂಡಸು ಬರಲೇಬೇಕು. ನಾನೂ ಹೋದೆ. ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ದಾಟುತ್ತಿತ್ತು, ತಮಾಷೆ ನಡೆಯುತ್ತಿತ್ತು. "ಮಾಸ್ಟ್ರಿಗೆ ಬುಟ್ಟಿ ಕೊಡ್ಬೇಡಿ, ಅಳೆದು ನೋಡಿಯಾರು" ಎಂದು ಯಾರೋ ಹೇಳಿದರು, ಎಲ್ಲರೂ ನಕ್ಕರು.

ನಾನು ಬುಟ್ಟಿಯನ್ನು ನೆಲಕ್ಕೆ ಅಪ್ಪಳಿಸಿದೆ. ಊಟಕ್ಕೆ ಕೂರುವ ಮೊದಲೇ ಮಾತು ಹೊರಟದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ವರ್ಷ ವರ್ಷವೂ ಗದ್ದೆಗಾಗಿ ಇಡೀ ತೋಡನ್ನೇ ನಿಲ್ಲಿಸುತ್ತೀರಿ, ಅದು ಮಳೆಗಾಲಕ್ಕೆ ಒಡೆದು ಹೋಗುತ್ತದೆಂದು ಗೊತ್ತಿದ್ದೂ ಕಟ್ಟುತ್ತೀರಿ, ಮಕ್ಕಳು ದಾಟುವ ಎರಡು ಕಂಬದ ಮೇಲೆ ನಾಲ್ಕು ಕಲ್ಲು ಇಡಲು ನಿಮ್ಮ ಕೈ ಯಾಕೆ ಏಳುವುದಿಲ್ಲ ಎಂದು ಕೂಗಿದೆ. ಇನ್ನೂ ಏನೇನೋ ಹೇಳಿದೆ. ಹಿರಿಯರಿಗೂ ಮರ್ಯಾದೆ ಕೊಡಲಿಲ್ಲ.

ಒಂದೊಂದಾಗಿ ಬುಟ್ಟಿಗಳು ನೆಲಕ್ಕಿಳಿದವು. ಕೊನೆಗೆ ಗದ್ದೆಯಾಚೆಯ ನೆರೆಯವರು ಹಾರೆ ಊರಿ ನಿಂತರು.

"ಇದನ್ನು ಮೊದಲೇ ಹೇಳ್ಬಹುದಿತ್ತಲ್ಲ ಮಾರಾಯ್ರೇ? ನೀವು ಬೋರ್ಡು ಬೋರ್ಡು ಅಂತ ಪಾತ್ರೆಯ ಹತ್ತಿರ ಕೂತ್ರಿ. ಮಾಸ್ಟ್ರ ಪಾತ್ರೆಯೇ ಸಂಕ ಕಟ್ಟಿಸ್ತದೆ ಅಂತ ನಾವೂ ಕಾದು ಕೂತೆವು. ಕಂಬದ ಮೇಲೆ ಎಷ್ಟು ವರಸೆ ಕಲ್ಲು ಬೇಕು, ಹೇಳಿ."

ಅದಕ್ಕೆ ಮಾತ್ರ ನನ್ನ ಹತ್ತಿರ ಲೆಕ್ಕವಿರಲಿಲ್ಲ. ತೋಡು ಎಷ್ಟು ಏರುತ್ತದೆಂದು ಮಳೆಯ ಪಾತ್ರೆ ಹೇಳುವುದಿಲ್ಲ. ಎರಡು ಸಾಕು ಎಂದರು ಒಬ್ಬರು. ಮೂರು ಎಂದರು ಇನ್ನೊಬ್ಬರು. ನನಗೆ ಮಗಳ ಮುಖ ಕಂಡಿತು, ಮತ್ತೆ ಕೆಂಪು ನೀರು ಕಂಡಿತು.

"ಐದು," ಎಂದೆ.

"ಐದು ಯಾಕೆ? ಮೇಲೆ ಹತ್ಲಿಕ್ಕೆ ಏಣಿ ಬೇಕಾದೀತು!"

"ಐದು. ಇಲ್ದಿದ್ರೆ ನಾನು ನಿದ್ದೆ ಮಾಡುದಿಲ್ಲ. ನಾನು ನಿದ್ದೆ ಮಾಡದಿದ್ರೆ ನಿಮ್ಮನ್ನೂ ಮಾಡ್ಲಿಕ್ಕೆ ಬಿಡುದಿಲ್ಲ."

ಐದಾಯಿತು. ಪಾರೆಯಿಂದ ಕಲ್ಲು ಕಡಿದು ಹೊತ್ತು ತಂದೆವು. ಎರಡೂ ಕಡೆ ಮೆಟ್ಟಿಲು ಕಟ್ಟಿದೆವು. ಎರಡು ತೆಂಗಿನ ಮರ ಗದ್ದೆಯಾಚೆಯ ನೆರೆಯವರು ಕೊಟ್ಟರು. ವಿಷಯ ತಿಳಿದ ಓವರ್ಸಿಯರ್, ಬೋರ್ಡಿನ ಸೊತ್ತಿನ ಮೇಲೆ ಅಪ್ಪಣೆಯಿಲ್ಲದೆ ಕಲ್ಲು ಇಟ್ಟದ್ದು ಯಾರು ಎಂದು ಹೇಳಿ ಕಳುಹಿಸಿದ. ನಾವು ಉತ್ತರ ಕೊಡಲಿಲ್ಲ. ಮೇ ತಿಂಗಳಲ್ಲಿ ಬೋರ್ಡಿನ ಇಬ್ಬರು ಆಳುಗಳು ಡಾಮರಿನ ಡಬ್ಬಿ ತಂದು, ನಾವು ಹೊತ್ತ ಕಲ್ಲಿನ ಮೇಲೆ ತಮ್ಮ ಸಂಕದ ನಂಬರು ದಪ್ಪಕ್ಕೆ ಬರೆದು ಹೋದರು. ಆ ನಂಬರು ಇವತ್ತಿಗೂ ಅಲ್ಲಿದೆ. ನಾನು ಅದರ ಕಡೆ ನೋಡದೆ ದಾಟುತ್ತೇನೆ.

ಜೂನಿನಲ್ಲಿ ಶಾಲೆ ಶುರುವಾಯಿತು. ಮಗಳು ಏಳನೆಯ ತರಗತಿ. ಮೊದಲ ದೊಡ್ಡ ಮಳೆಯ ಬೆಳಿಗ್ಗೆ ಅಮ್ಮನೇ ಅವಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದರು. ನಾನು ತೋಡಿನವರೆಗೆ ಹೋದೆ. ನೀರು ಹಳೆಯ ಕಂಬದ ಮಟ್ಟವನ್ನು ಮುಳುಗಿಸಿ ಮೇಲೆ ಬಂದಿತ್ತು, ನಮ್ಮ ಕಲ್ಲುಗಳಲ್ಲಿ ಎರಡು ವರಸೆ ಒದ್ದೆ, ಮೂರು ಒಣ. ಅವಳು ಕೊಡೆ ಮಡಿಸಿ, ಪುಸ್ತಕದ ಚೀಲ ಎದೆಗವಚಿ ಹತ್ತಿದಳು. ನಾನು ಈಚೆಯಿಂದ ಬಲಕ್ಕೆ ಹಿಡಿ, ಕೆಳಗೆ ನೋಡಬೇಡ, ಜಾರುತ್ತದೆ, ನಿಲ್ಲು, ನಿಲ್ಲಬೇಡ, ಎಂದು ಕೂಗುತ್ತಿದ್ದೆ.

ನಡುವೆ ನಿಂತು ತಿರುಗಿದಳು. ಅಜ್ಜಿಯದೇ ಮೂಗು, ಅಜ್ಜಿಯದೇ ಸಿಟ್ಟು.

"ಅಪ್ಪಾ, ನೀವು ಮನೆಗೆ ಹೋಗ್ತೀರಾ, ಇಲ್ಲ ನಾನು ವಾಪಾಸು ಬರ್ಬೇಕಾ?"

ನಾನು ಬಾಯಿ ಮುಚ್ಚಿದೆ. ಅವಳು ಆಚೆ ಇಳಿದು, ಕೊಡೆ ಬಿಡಿಸಿ, ಕೇದಗೆಯ ಮರೆಯಲ್ಲಿ ಶಾಲೆಯ ದಾರಿ ಹಿಡಿದಳು.